ಹೊಸ್ತಿಲ ಮೇಲಿನ ಸಿಟ್ಟು: ಮಕ್ಕಳ ರಕ್ಷಣೆಯ ಕೆಲಸ ಮತ್ತು ಕಾಕನಕೋಟೆ ಸೀಮೆ



ದತ್ತಿ ಉಪನ್ಯಾಸಕ್ಕೆ ಕವಿ, ಕಾವ್ಯ, ಶಾಸನ, ಜಾನಪದ ಇವು ವಾಡಿಕೆಯ ವಿಷಯಗಳು. ಕಾಕನಕೋಟೆ ಅಂದಕೂಡಲೇ ಆನೆ ಹಿಡಿಯುವ ಖೆಡ್ಡಾ ನೆನಪಾಗುತ್ತದೆ, ಮಾಸ್ತಿಯವರ ನಾಟಕ ನೆನಪಾಗುತ್ತದೆ, ಕಬಿನಿಯ ಹಿನ್ನೀರು ನೆನಪಾಗುತ್ತದೆ. ನಾನು ಇವತ್ತು ಮಾತಾಡುವುದು ಇದೇ ಸೀಮೆಯ ಮನೆಬಾಗಿಲುಗಳ ಬಗ್ಗೆ. ಒಂದು ಮಗುವಿಗೆ ಏನೋ ಆಗುತ್ತಿದೆ ಎಂದು ಗೊತ್ತಾಗಿ ಆ ಬಾಗಿಲು ತಟ್ಟುವವರಿದ್ದಾರೆ. ಬಾಗಿಲು ತೆರೆದು ಬೈಯುವ, ಅಡ್ಡಗಟ್ಟುವ, ಕೆಲವೊಮ್ಮೆ ಕೈಮಾಡುವ ಅಪ್ಪ ಅಮ್ಮಂದಿರಿದ್ದಾರೆ. ಇವರಿಬ್ಬರ ನಡುವೆ ಮಗು ಇದೆ. ಬಾಲ್ಯವಿವಾಹ ತಡೆದರು ಎಂಬ ಎರಡು ಸಾಲಿನ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ತಡೆಯಲು ಹೋದವರು ಆ ಅಂಗಳದಲ್ಲಿ ಏನು ಕೇಳಿಸಿಕೊಂಡರು, ಮಾರನೇ ದಿನ ಅದೇ ಬೀದಿಯಲ್ಲಿ ಹೇಗೆ ಓಡಾಡಿದರು ಎಂಬುದು ಬರುವುದಿಲ್ಲ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲಲ್ಲಿ ನಿಂತವಳು ಹೆದರಿದರೆ ಆ ಹೆದರಿಕೆಯ ದಂಡ ತೆರುವುದು ಒಳಗಿರುವ ಮಗು. ಹಾಗಾಗಿ ಆಕೆಯ ಸುರಕ್ಷತೆಯನ್ನು ಆಕೆಯ ಗಟ್ಟಿತನಕ್ಕೇ ಬಿಟ್ಟುಬಿಡುವ ಊರು, ಇಲಾಖೆ, ಸರ್ಕಾರ ಯಾವುದೂ ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದು ಹೇಳಿಕೊಳ್ಳುವಂತಿಲ್ಲ.

ಬಾಗಿಲು ತಟ್ಟುವವರು ಯಾರು?

ಕಾಗದದ ಮೇಲೆ ನೋಡಿದರೆ ಇವರ ಸಂಖ್ಯೆ ದೊಡ್ಡದು. 2015ರ ಬಾಲನ್ಯಾಯ ಕಾಯ್ದೆಯಂತೆ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇದೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಪ್ರತಿ ಪೊಲೀಸ್ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಮಕ್ಕಳ ಸಹಾಯವಾಣಿ 1098 2023ರಿಂದ ಸರ್ಕಾರದ ಕೈಯಲ್ಲೇ ನಡೆಯುತ್ತಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ತಹಶೀಲ್ದಾರರಿಂದ ಹಿಡಿದು ಸಿಡಿಪಿಒ, ಅಂಗನವಾಡಿ ಮೇಲ್ವಿಚಾರಕಿ, ಪಿಡಿಒ, ಮುಖ್ಯೋಪಾಧ್ಯಾಯರವರೆಗೆ ಹಲವರು ನಿಷೇಧಾಧಿಕಾರಿಗಳು.

ಆದರೆ ಸುದ್ದಿ ಮೊದಲು ಗೊತ್ತಾಗುವುದು ಯಾರಿಗೆ? ಆ ಮನೆಯ ಪಕ್ಕದ ಬೀದಿಯಲ್ಲೇ ಇರುವ ಅಂಗನವಾಡಿ ಕಾರ್ಯಕರ್ತೆಗೆ, ಆಶಾಗೆ, ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರು ಗುರುತು ಹಾಕುತ್ತಲೇ ಬಂದಿರುವ ಮೇಡಮ್ಮಿಗೆ. ಅಂಗನವಾಡಿ ಯೋಜನೆ ಕರ್ನಾಟಕಕ್ಕೆ ಕಾಲಿಟ್ಟದ್ದು ನಮ್ಮ ಮೈಸೂರು ಜಿಲ್ಲೆಯ ಮೂಲಕವೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿ. ನರಸೀಪುರ, ಆಗ ಮುಖ್ಯಮಂತ್ರಿಯಾಗಿದ್ದವರು ಹುಣಸೂರಿನವರೇ ಆದ ದೇವರಾಜ ಅರಸು. ಮಕ್ಕಳಿಗೆ ಉಂಡೆ, ಕಾಳು ಕೊಡಲು, ತೂಕ ನೋಡಲು ಬಂದ ಹೆಣ್ಣುಮಗಳು ಕಾಲ ಕಳೆದಂತೆ ಊರಿನ ಕಣ್ಣೂ ಆದಳು. ಅವಳಿಗೆ ಕೊಡುವುದು ಇವತ್ತಿಗೂ ಗೌರವಧನ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿತು: ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ನ್ಯಾಯಾಲಯ ಹೇಳಲು 2022 ಬರಬೇಕಾಯಿತು. ಸರ್ಕಾರದ ಪರವಾಗಿ ಬೈಗುಳ ತಿನ್ನುವಾಗ ಅವಳು ಸರ್ಕಾರ. ಸಂಬಳದ ಪಟ್ಟಿಯಲ್ಲಿ ಅಲ್ಲ.

ಕಾನೂನು ಒಳಮನೆಗೆ ಬಂದ ಬಗೆ

"ನಮ್ಮ ಮಗು, ನಾವ್ ಏನಾರಾ ಮಾಡ್ಕತೀವಿ, ಕೇಳಕ್ಕೆ ನೀವ್ಯಾರು?" ಇದು ಬಾಗಿಲಲ್ಲಿ ಕೇಳಿಬರುವ ಮೊದಲ ಪ್ರಶ್ನೆ. ಹಳೆಯ ಪ್ರಶ್ನೆ ಇದು. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆ ಕಾನೂನು ತಂದಿತು. ದಿವಾನರು ಕೆ. ಶೇಷಾದ್ರಿ ಅಯ್ಯರ್. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದು, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವುದು ಅಪರಾಧವಾಯಿತು. ಅದಕ್ಕೆ ಮೂರು ವರ್ಷ ಮುಂಚೆ, 1891ರಲ್ಲಿ, ಬ್ರಿಟಿಷ್ ಸರ್ಕಾರ ಸಮ್ಮತಿಯ ವಯಸ್ಸನ್ನು ಏರಿಸಲು ಹೊರಟಾಗ ತಿಲಕರಂಥವರೇ ವಿರೋಧಿಸಿದ್ದರು. ಮನೆಯೊಳಗಿನ ವ್ಯವಹಾರಕ್ಕೆ ಸರ್ಕಾರ ಕೈಹಾಕಬಾರದೆಂಬುದೇ ವಾದ. ಬ್ರಿಟಿಷ್ ಇಂಡಿಯಾಕ್ಕೆ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಅಂದರೆ ಹುಣಸೂರು, ಪಿರಿಯಾಪಟ್ಟಣದ ಅಂಗಳಕ್ಕೆ ಕಾನೂನು ಬಂದು ನೂರಮೂವತ್ತು ವರ್ಷ ಕಳೆದಿದೆ. ವಯಸ್ಸು ಎಂಟರಿಂದ ಹದಿನೆಂಟಕ್ಕೆ ಏರಿದೆ, ಪ್ರಶ್ನೆ ಇದ್ದಲ್ಲೇ ಇದೆ.

ಈಚೆಗೆ ನಮ್ಮ ರಾಜ್ಯದ ಕಾನೂನು ದೇಶಕ್ಕೇ ಮಾದರಿ ಎನಿಸಿಕೊಂಡಿದೆ. ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2016ರ ಕರ್ನಾಟಕ ತಿದ್ದುಪಡಿಯಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಪೊಲೀಸರು ಯಾರ ದೂರಿಗೂ ಕಾಯದೆ ಪ್ರಕರಣ ದಾಖಲಿಸಬಹುದು. ಶಿಕ್ಷೆಗೆ ಕನಿಷ್ಠ ಮಿತಿಯೂ ಬಂತು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಬೇರೆ ರಾಜ್ಯಗಳೂ ಈ ದಾರಿ ಹಿಡಿಯಲಿ ಎಂದಿತು. ಇಷ್ಟಾಗಿಯೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು ಕರ್ನಾಟಕದಲ್ಲಿ ನಾಲ್ಕನೇ ಸುತ್ತಿನಲ್ಲಿ ಶೇ 21.4, ಐದನೇ ಸುತ್ತಿನಲ್ಲಿ ಶೇ 21.3. ಕಾನೂನು ಬಿಗಿಯಾಯಿತು, ಅಂಕಿ ಜಗ್ಗಲಿಲ್ಲ. ಎಲ್ಲಿ ತಡೆಯಾಗಿದೆ ಎಂದು ತಿಳಿಯಬೇಕಾದರೆ ಬಾಗಿಲ ಬಳಿ ನಡೆಯುವುದನ್ನು ನೋಡಬೇಕು.

ಸಿಟ್ಟಿನ ಬಗೆಗಳು

ಎಲ್ಲ ಬಾಗಿಲಲ್ಲೂ ಸಿಟ್ಟು ಒಂದೇ ತರಹ ಇರುವುದಿಲ್ಲ. ನಮ್ಮ ಸೀಮೆಯ ಕೆಲವು ಅಂಗಳಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಇವು ಯಾವುದೇ ಒಂದು ಮನೆಯ ಕತೆಯಲ್ಲ. ಈ ಕೆಲಸದಲ್ಲಿ ಇರುವವರಿಗೆಲ್ಲ ಗುರುತು ಸಿಗುವ ನೋಟಗಳು.

ಮೊದಲನೆಯದು ಮದುವೆಮನೆ. ಹಸಿರು ಚಪ್ಪರ ಹಾಕಿಯಾಗಿದೆ. ಒಲೆ ಹೂಡಿಯಾಗಿದೆ, ಹಿತ್ತಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾರೆ. ನಾಳೆ ಮುಹೂರ್ತ. ಸಂಜೆ ಇಲಾಖೆಯ ಜೀಪು ಬಂದು ನಿಲ್ಲುತ್ತದೆ. ಮೇಲ್ವಿಚಾರಕಿ ಇಳಿದು ಹುಡುಗಿಯ ವಯಸ್ಸಿನ ದಾಖಲೆ ಕೇಳುತ್ತಾರೆ. ಅಪ್ಪ ಆಧಾರ್ ಕಾರ್ಡು ತಂದು ಮುಖಕ್ಕೆ ಹಿಡಿಯುತ್ತಾನೆ. ಅದು ನಡೆಯುವುದಿಲ್ಲ, ಶಾಲೆಯ ದಾಖಲೆ ಬೇಕು ಎನ್ನುತ್ತಾರೆ. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಅಷ್ಟರಲ್ಲಿ ಅಂಗಳ ತುಂಬುತ್ತದೆ. "ಐನೂರ್ ಜನಕ್ಕೆ ಅಡುಗೆ ಮಾಡ್ಸಿವ್ನಿ. ಈಗ ಬಂದು ನಿಲ್ಸು ಅಂದ್ರೆ, ನಾಳಿಕ್ಕೆ ನೀವೇ ಬಂದು ಗಂಡು ತೋರಿಸ್ತೀರಾ ಮೇಡಮ್ಮೋರೇ?" ಈ ಸಿಟ್ಟಿನ ಹಿಂದೆ ಕೈಸಾಲ ಇದೆ, ಸಂಘದ ಸಾಲ ಇದೆ, ಹೊಗೆಸೊಪ್ಪು ಹರಾಜಿನಲ್ಲಿ ಬಂದ ಅಷ್ಟೂ ದುಡ್ಡು ಇದೆ. ಅದಕ್ಕಿಂತ ಹೆಚ್ಚಾಗಿ ಬೀಗರ ಮುಂದೆ ತಲೆ ತಗ್ಗಿಸಬೇಕಾದ ಅವಮಾನ ಇದೆ. ಅನುಭವಸ್ಥ ಕಾರ್ಯಕರ್ತೆಯರು ಇಲ್ಲಿ ಅಪ್ಪನೊಂದಿಗೆ ವಾದಕ್ಕೆ ನಿಲ್ಲುವುದಿಲ್ಲ. ಗಂಡಿನ ಕಡೆಯವರನ್ನು ಬೇರೆ ಕರೆದು ಕೂರಿಸುತ್ತಾರೆ. ಹದಿನೆಂಟು ದಾಟಿದ ಗಂಡು ಅಪ್ರಾಪ್ತೆಯನ್ನು ಮದುವೆಯಾದರೆ ಜೈಲಿಗೆ ಹೋಗುವುದು ಅವನೇ ಎಂದು ಬಿಡಿಸಿ ಹೇಳುತ್ತಾರೆ. ಬೀಗರೇ ಹಿಂದೆ ಸರಿದರೆ ಅಪ್ಪನಿಗೂ ಹಿಂದೆ ಸರಿಯಲು ಒಂದು ದಾರಿ ಸಿಗುತ್ತದೆ, "ಅವ್ರೇ ಬ್ಯಾಡ ಅಂದ್ರು" ಎಂದು ಹೇಳಿಕೊಳ್ಳಬಹುದು. ಮರ್ಯಾದೆ ಉಳಿಸಿಕೊಳ್ಳಲು ಜಾಗ ಬಿಟ್ಟರೆ ಸಿಟ್ಟು ಅರ್ಧ ಇಳಿಯುತ್ತದೆ.

ಎರಡನೆಯದು ಹೊಗೆಸೊಪ್ಪಿನ ಅಂಗಳ. ಆಗಸ್ಟ್ ತಿಂಗಳು. ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನು ಎಂಬ ಒಣಗಿಸುವ ಮನೆಗಳಿಗೆ ಸೊಪ್ಪು ಏರುವ ಕಾಲ. ಬೆಳಗ್ಗೆ ಹಸಿ ಎಲೆ ಕೀಳಬೇಕು, ಕಡ್ಡಿಗೆ ಕಟ್ಟಬೇಕು, ಹಗಲು ರಾತ್ರಿ ಬೆಂಕಿಯ ಹದ ಕಾಯಬೇಕು. ಶಾಲೆಯ ಬೆಂಚು ಖಾಲಿಯಾಗುವುದು ಇದೇ ದಿನಗಳಲ್ಲಿ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ, ವಾಕರಿಕೆ, ತಲೆಸುತ್ತು ಬರುತ್ತದೆ; ಚಿಕ್ಕ ಮೈಗೆ ಇದು ಹೆಚ್ಚು. ವಿಚಾರಿಸಲು ಬಂದವರಿಗೆ ಅಪ್ಪ ಕೇಳುವುದು: "ನಮ್ಮನೆ ಕೆಲ್ಸ ನಮ್ಮ ಮಗ ಮಾಡುದ್ರೆ ಅವನು ಬಾಲಕಾರ್ಮಿಕನಾ?" ಈ ಪ್ರಶ್ನೆಗೆ ಕಾನೂನಿನಲ್ಲೂ ಒಂದು ಎಳೆ ಆಸರೆ ಇದ್ದಂತೆ ಕಾಣುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ, ಅಪಾಯಕಾರಿಯಲ್ಲದ ಮನೆತನದ ಕಸುಬಿನಲ್ಲಿ ಮಗು ಶಾಲೆಯ ಅವಧಿ ಮುಗಿದ ಮೇಲೋ ರಜೆಯಲ್ಲೋ ನೆರವಾಗಬಹುದು ಎಂದು ಬಿಟ್ಟಿದೆ. ಈ ಸಿಟ್ಟು ಅನ್ಯಾಯದ್ದಲ್ಲ, ಲೆಕ್ಕಾಚಾರದ್ದು. ಕೂಲಿ ಏರಿದೆ, ಆಳು ಸಿಗುವುದಿಲ್ಲ, ಸೊಪ್ಪು ಒಂದು ದಿನವೂ ಕಾಯುವುದಿಲ್ಲ. ಇಲ್ಲಿ ಬೆದರಿಕೆಯ ನೋಟಿಸಿಗಿಂತ ಮೇಷ್ಟ್ರ ಮಾತು ಚೆನ್ನಾಗಿ ನಡೆಯುತ್ತದೆ.

ಮೂರನೆಯದು ಹಾಡಿ, ಕಾಡಂಚಿನ ಬುಡಕಟ್ಟಿನವರ ನೆಲೆ. ಜೀಪಿನ ಸದ್ದು ಕೇಳಿದರೆ ಹಾಡಿ ಬರಿದಾಗುತ್ತದೆ. ಬೈಯುವವರೂ ಇಲ್ಲ, ಅಡ್ಡ ನಿಲ್ಲುವವರೂ ಇಲ್ಲ. ಒಬ್ಬ ಮುದುಕಿ ಗುಡಿಸಲ ಮುಂದೆ ಕೂತಿರುತ್ತಾಳೆ, ಏನು ಕೇಳಿದರೂ "ನಂಗೊತ್ತಿಲ್ಲ ಬುದ್ಧಿ" ಎನ್ನುತ್ತಾಳೆ. ವರದಿಯಲ್ಲಿ ಇದನ್ನು ಅಸಹಕಾರ ಎಂದು ಬರೆಯುತ್ತಾರೆ. ಜೇನುಕುರುಬರಿಗೆ, ಬೆಟ್ಟಕುರುಬರಿಗೆ, ಯರವರಿಗೆ ಸರ್ಕಾರದ ಜೀಪು ಎಂದರೆ ಏನು ಎಂದು ತಿಳಿಯದೆ ಈ ಮೌನ ಅರ್ಥವಾಗುವುದಿಲ್ಲ. ಕಬಿನಿ ಜಲಾಶಯಕ್ಕಾಗಿ, ನಾಗರಹೊಳೆ ಅಭಯಾರಣ್ಯಕ್ಕಾಗಿ ಒಕ್ಕಲೆಬ್ಬಿಸಲ್ಪಟ್ಟವರು ಇವರು. ಹೈಕೋರ್ಟಿನ ಆದೇಶದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ಹೀಗೆ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿತು. ಜೀಪಿನಲ್ಲಿ ಬಂದವರು ಮನೆ ಕಿತ್ತದ್ದು ನೆನಪಿರುವವರಿಗೆ, ಜೀಪಿನಲ್ಲಿ ಬಂದ ಇನ್ನೊಬ್ಬರು ಮಗುವಿನ ಹಿತಕ್ಕೆ ಬಂದಿದ್ದಾರೆಂದು ನಂಬಿಕೆ ಬರುವುದು ಹೇಗೆ?

ಹಾಡಿಯ ವಿಷಯದಲ್ಲಿ ಕಾನೂನೇ ಗಂಟು ಬಿಗಿದಿರುವ ಜಾಗ ಒಂದಿದೆ. ಜೇನುಕುರುಬರಲ್ಲಿ ಹುಡುಗ ಹುಡುಗಿ ಮೆಚ್ಚಿ ಕೆಲವು ದಿನ ಹಾಡಿ ಬಿಟ್ಟು ಹೋಗಿ, ಆಮೇಲೆ ಬಂದು ಹಿರಿಯರ ಒಪ್ಪಿಗೆ ಪಡೆಯುವುದು ಹಳೆಯ ರೂಢಿ. ಹುಡುಗಿ ಹದಿನೇಳರಲ್ಲಿ ಬಸುರಿಯಾಗಿ ಆಸ್ಪತ್ರೆಗೆ ಬಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ನಿನಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಹುಡುಗ ಜೈಲಿಗೆ ಹೋಗುತ್ತಾನೆ. ಗಡಿಯಾಚೆಯ ವಯನಾಡಿನಲ್ಲಿ ಪಣಿಯ ಹುಡುಗರು ಹೀಗೆ ಜೈಲು ಸೇರಿದ್ದು ದೊಡ್ಡ ಚರ್ಚೆಯಾಯಿತು. ಚಿಕ್ಕ ವಯಸ್ಸಿನ ಬಸಿರು ಜೀವಕ್ಕೆ ಅಪಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆಗೆ ಹೋದರೆ ಗಂಡ ಜೈಲಿಗೆ ಎಂಬುದು ಹಾಡಿಯಲ್ಲಿ ಹಬ್ಬಿದರೆ ಮುಂದಿನ ಹುಡುಗಿ ಆಸ್ಪತ್ರೆಗೇ ಬರುವುದಿಲ್ಲ. ಅವಳನ್ನು ಹುಡುಕಿಕೊಂಡು ಹೋಗುವ ಆಶಾಗೆ ಎದುರಾಗುವ ಹಗೆಯನ್ನು ಅವಳು ಹುಟ್ಟಿಸಿದ್ದಲ್ಲ.

ನಾಲ್ಕನೆಯದು ಕುಡಿತದ ಮನೆ. ಇದು ಅಪಾಯದ ಬಾಗಿಲು. ಮಗುವಿನ ಬೆನ್ನಿನ ಮೇಲೆ ಬರೆ ನೋಡಿ ಶಿಕ್ಷಕಿ ತಿಳಿಸಿರುತ್ತಾರೆ. ಬಾಗಿಲಿಗೆ ಬರುವುದು ತಾಯಿ. "ಏನೂ ಇಲ್ಲ ಕಣವ್ವ, ಜಗಲಿ ಮ್ಯಾಲಿಂದ ಬಿದ್ದು ಏಟಾಯ್ತು" ಎನ್ನುತ್ತಾಳೆ. ಹೇಳುವಾಗ ಕಣ್ಣು ಒಳಕೋಣೆಯ ಕಡೆ ಹೋಗುತ್ತದೆ. ಅವನು ಒಳಗಿದ್ದಾನೆ. ಗೋಡೆಗೆ ಸಿಕ್ಕಿಸಿದ ಮಚ್ಚು ಎಲ್ಲ ರೈತರ ಮನೆಯಲ್ಲೂ ಇರುವಂಥದೇ, ಆದರೂ ಇವತ್ತು ಕಣ್ಣಿಗೆ ಬೀಳುತ್ತದೆ. ಪೆಟ್ಟು ತಿಂದದ್ದು ಮಗು ಒಂದೇ ಅಲ್ಲ, ತಾಯಿಯೂ ಕೂಡ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಹಿಂದಿನ ಮೂರು ಬಾಗಿಲುಗಳಲ್ಲಿ ಮಾತು ಕೆಲಸ ಮಾಡುತ್ತದೆ. ಇಲ್ಲಿ ಮಾತಿಗೆ ಮುಂಚೆ ಏರ್ಪಾಡು ಬೇಕು. ಸಿಟ್ಟೆಲ್ಲವನ್ನೂ ಬಡತನದ ಲೆಕ್ಕಕ್ಕೆ ಬರೆದು ಕನಿಕರಪಡುವುದು ಸುಲಭ. ಕೆಲವು ಮನೆಗಳಲ್ಲಿ ಸಿಟ್ಟು ಅಧಿಕಾರ ಚಲಾಯಿಸುವ ಸಾಧನ, ಹಾಗೆಂದು ನೇರವಾಗಿ ಹೇಳಬೇಕು.

ಇದಲ್ಲದೆ ಊರಿಗೆ ಊರೇ ತಿರುಗಿಬೀಳುವುದೂ ಉಂಟು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪಿನಲ್ಲಿ ಹರಿದಾಡಿದಾಗ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೇ ತಿಂಗಳಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜುಲೈ ತಿಂಗಳಲ್ಲಿ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಗುರುತಿನ ಚೀಟಿಯಿಲ್ಲದೆ, ಪಂಚಾಯಿತಿಗೆ ತಿಳಿಸದೆ, ಹೊರಗಿನ ವಾಹನದಲ್ಲಿ ಬಂದು ಮಗುವನ್ನು ಕರೆದೊಯ್ಯುವುದು ಎಷ್ಟು ಅಪಾಯವೆಂದು ಅಂದೇ ಗೊತ್ತಾಯಿತು.

ನಗುಮುಖದ ಮನೆ

ಎಲ್ಲಕ್ಕಿಂತ ಕಷ್ಟದ ಬಾಗಿಲು ಸಿಟ್ಟಿನದಲ್ಲ, ನಗುವಿನದು. "ಬನ್ನಿ ಕೂತ್ಕಳಿ, ಕಾಫಿ ಕುಡೀರಿ, ತಪ್ಪಾಯ್ತು, ಮದ್ವೆ ನಿಲ್ಸಿದೀವಿ." ಮುಚ್ಚಳಿಕೆ ಬರೆದುಕೊಡುತ್ತಾರೆ, ಸಹಿ, ಹೆಬ್ಬೆಟ್ಟು ಎಲ್ಲ ಆಗುತ್ತದೆ, ಫೋಟೋ ತೆಗೆಯುತ್ತಾರೆ, ಕಡತ ಮುಗಿಯುತ್ತದೆ. ಬೆಳಗಿನ ಜಾವ ಹುಡುಗಿಯನ್ನು ನೆಂಟರ ಊರಿಗೆ ಕರೆದೊಯ್ದು ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸುತ್ತಾರೆ. ಜಿಲ್ಲೆ ದಾಟಿಬಿಟ್ಟರೆ ವಿಷಯ ತಿಳಿಯುವುದೇ ಬಸುರಿಯಾದ ಮೇಲೆ.

ಮುಚ್ಚಳಿಕೆ ಎಷ್ಟು ಜನಪ್ರಿಯವೋ ಅಷ್ಟೇ ಟೊಳ್ಳು. ಅದು ಎರಡೂ ಕಡೆಯವರಿಗೆ ಅನುಕೂಲ: ಮನೆಯವರಿಗೆ ಜೀಪು ತೊಲಗುತ್ತದೆ, ಬಂದವರಿಗೆ ಜಗಳ ತಪ್ಪುತ್ತದೆ. ಆ ಹುಡುಗಿ ಮಾತ್ರ ಬೆಳಗ್ಗೆ ಇದ್ದಲ್ಲೇ ಇರುತ್ತಾಳೆ, ಜೊತೆಗೆ "ನಿನ್ನಿಂದ ಮಾನ ಹೋಯ್ತು" ಎಂಬ ಬೈಗುಳವೂ ಸೇರುತ್ತದೆ. ಕಾನೂನಿನಲ್ಲಿ ಇದಕ್ಕಿಂತ ಗಟ್ಟಿಯಾದ ದಾರಿಗಳಿವೆ. ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಸೆಕ್ಷನ್ನಿನಂತೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಬಾಲನ್ಯಾಯ ಕಾಯ್ದೆಯಲ್ಲಿ, ವಯಸ್ಸಿಗೆ ಮುಂಚೆ ಮದುವೆಯಾಗುವ ಅಪಾಯದಲ್ಲಿರುವ ಮಗು ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು ಎಂದೇ ಇದೆ. ಅವಳನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬಹುದು. ಸಾಮಾಜಿಕ ತನಿಖಾ ವರದಿಗೆ 15 ದಿನ, ವಿಚಾರಣೆ ಮುಗಿಸಲು ನಾಲ್ಕು ತಿಂಗಳು. ಹಾಗೆಂದು ಕಂಡ ಮಗುವನ್ನೆಲ್ಲ ಬಾಲಮಂದಿರಕ್ಕೆ ಸೇರಿಸಿ ಎನ್ನುತ್ತಿಲ್ಲ. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದು ಅದೇ ಕಾಯ್ದೆ ಹೇಳುತ್ತದೆ. ಮುಚ್ಚಳಿಕೆ ಬರೆಸಿದ ಮೇಲೂ ವಾರವಾರ ಆ ಮಗು ಶಾಲೆಯಲ್ಲಿ ಕಂಡಿತೇ ಎಂದು ಯಾರಾದರೂ ನೋಡಬೇಕು. ಕಾಗದ ಬರೆದ ದಿನ ಕೆಲಸ ಶುರುವಾಗುತ್ತದೆ.

ಪೆಟ್ಟು ಬೀಳುವುದು ಯಾರ ಮೇಲೆ?

ಜೀಪು ಮೈಸೂರಿಗೋ ತಾಲ್ಲೂಕು ಕೇಂದ್ರಕ್ಕೋ ವಾಪಸು ಹೋಗುತ್ತದೆ. ಊರಿನಲ್ಲಿ ಉಳಿಯುವುದು ಒಬ್ಬಳೇ. ದೂರು ಕೊಟ್ಟವರ ಹೆಸರನ್ನು 1098 ಗುಟ್ಟಾಗಿಡುತ್ತದೆ, ಆದರೆ ಚಿಕ್ಕ ಊರಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಹೇಳಿದವರು ಯಾರೇ ಆಗಿರಲಿ, ಅನುಮಾನ ಹೋಗುವುದು ಅಂಗನವಾಡಿಯವಳ ಮೇಲೆ. ಮಕ್ಕಳನ್ನು ಅಂಗನವಾಡಿಗೆ ಕಳಿಸುವುದು ನಿಲ್ಲಿಸುತ್ತಾರೆ. ನಲ್ಲಿಯ ಹತ್ತಿರ ಮಾತಿನ ಚುಚ್ಚು. ಅವಳ ಗಂಡನಿಗೆ ಅರಳಿಕಟ್ಟೆಯಲ್ಲಿ "ನಿನ್ ಹೆಂಡ್ರನ್ನ ಹದ್ದುಬಸ್ತಲ್ಲಿ ಇಟ್ಕೊ" ಎಂಬ ಎಚ್ಚರಿಕೆ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ದೇಶದ ನೆನಪಿನಲ್ಲಿ ಎರಡು ಗಾಯಗಳಿವೆ. ರಾಜಸ್ಥಾನದ ಭಟೇರಿಯಲ್ಲಿ ಸಾಥಿನ್ ಎಂಬ ಗ್ರಾಮ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದ ಭಂವರಿ ದೇವಿ 1992ರಲ್ಲಿ ವರ್ಷವೂ ತುಂಬದ ಕೂಸಿನ ಮದುವೆ ತಡೆಯಲು ಹೋದರು. ಪೊಲೀಸರು ಬಂದು ಹೋದರು, ಮದುವೆ ನಡೆದೇ ಹೋಯಿತು. ಊರು ಅವರನ್ನು ಬಹಿಷ್ಕರಿಸಿತು. ಸೆಪ್ಟೆಂಬರಿನಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆ ಅನ್ಯಾಯದಿಂದ ಎದ್ದ ಹೋರಾಟವೇ 1997ರ ವಿಶಾಖಾ ತೀರ್ಪಾಗಿ, ಕೆಲಸದ ಜಾಗದಲ್ಲಿ ಹೆಣ್ಣಿನ ಸುರಕ್ಷತೆಗೆ ದೇಶಕ್ಕೆಲ್ಲ ನಿಯಮವಾಯಿತು. ಇವತ್ತು ಕಚೇರಿಯಲ್ಲಿ ಕೂತು ಕೆಲಸ ಮಾಡುವ ಹೆಣ್ಣುಮಕ್ಕಳಿಗೆಲ್ಲ ಆ ತೀರ್ಪಿನ ನೆರಳಿದೆ. ಅದಕ್ಕೆ ಕಾರಣರಾದ ಭಂವರಿ ದೇವಿಯವರಿಗೆ ಕಚೇರಿಯೇ ಇರಲಿಲ್ಲ, ಅವರ ಕೆಲಸದ ಜಾಗ ಊರಿನ ಬೀದಿ. 2005ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಬಾಲ್ಯವಿವಾಹ ತಡೆಯಲು ಓಡಾಡುತ್ತಿದ್ದ ಅಂಗನವಾಡಿ ಮೇಲ್ವಿಚಾರಕಿ ಶಕುಂತಲಾ ವರ್ಮಾ ಅವರ ಮನೆಗೇ ನುಗ್ಗಿ ಕತ್ತಿಯಿಂದ ಕೈ ಕಡಿಯಲಾಯಿತು.

ಬಾಲ್ಯವಿವಾಹ ನಿಷೇಧಾಧಿಕಾರಿ ಕಾನೂನಿನ ಕಣ್ಣಿನಲ್ಲಿ ಸರ್ಕಾರಿ ನೌಕರರೇ. ಕರ್ತವ್ಯದಲ್ಲಿದ್ದಾಗ ಅವರ ಮೇಲೆ ಕೈಮಾಡಿದರೆ ಹಿಂದೆ ಭಾರತೀಯ ದಂಡ ಸಂಹಿತೆಯ 353, ಈಗ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಇದೆ. ಆದರೆ ಅಂಗನವಾಡಿಗೆ ಮಕ್ಕಳು ಬರದಂತೆ ಮಾಡುವುದಕ್ಕೆ, ನಲ್ಲಿಯ ಹತ್ತಿರದ ಮಾತಿಗೆ ಸೆಕ್ಷನ್ ಒಂದೇ ಮದ್ದಲ್ಲ. ಅದಕ್ಕೆ ಊರೇ ಉತ್ತರ ಕೊಡಬೇಕು.

ಹೆದರಿಕೆ ಮಗುವಿಗೆ ತಟ್ಟುವ ಬಗೆ

ಹೆದರಿದ ಕಾರ್ಯಕರ್ತೆ ಏನು ಮಾಡುತ್ತಾಳೆ? ಆ ಬೀದಿಗೆ ಹೋಗುವುದನ್ನು ಮುಂದೂಡುತ್ತಾಳೆ. ಹೋದರೂ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಬರುತ್ತಾಳೆ. ಮಗುವನ್ನು ನೋಡದೆಯೇ "ಮಗು ಕ್ಷೇಮ" ಎಂದು ಬರೆಯುತ್ತಾಳೆ. ಇದರಲ್ಲಿ ಮೋಸವಿಲ್ಲ, ಮನುಷ್ಯಸಹಜವಾದ ಹಿಂಜರಿಕೆಯಿದೆ. ಶ್ರೀಮಂತ ದೇಶದಲ್ಲೂ ಹೀಗೇ ಆಗಿದೆ. ಲಂಡನ್ನಿನಲ್ಲಿ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿ ಅಜ್ಜಿಯ ವರಸೆಯ ಸಂಬಂಧಿ ಮತ್ತು ಅವಳ ಜೊತೆಗಾರನ ಹಿಂಸೆಯಿಂದ 2000ದ ಫೆಬ್ರವರಿಯಲ್ಲಿ ಸತ್ತಳು. ಆಸ್ಪತ್ರೆ, ಪೊಲೀಸ್, ಸಮಾಜ ಕಾರ್ಯ ಇಲಾಖೆ ಎಲ್ಲರಿಗೂ ಅವಳ ವಿಷಯ ಗೊತ್ತಿತ್ತು. ತುರಿಕಜ್ಜಿ ಅಂಟೀತು ಎಂಬ ಭಯಕ್ಕೆ ಪೊಲೀಸ್ ಅಧಿಕಾರಿ ಆ ಮನೆಗೆ ಹೋಗಲೇ ಇಲ್ಲ. ಹೋದವರೂ ಮಾತಾಡಿದ್ದು ದೊಡ್ಡವರ ಜೊತೆಗೇ ಹೆಚ್ಚು. ಲಾರ್ಡ್ ಲೇಮಿಂಗ್ 2003ರ ವರದಿಯಲ್ಲಿ ಆ ಮಗುವನ್ನು ಉಳಿಸಬಹುದಾಗಿದ್ದ 12 ಅವಕಾಶಗಳನ್ನು ತೋರಿಸಿದರು. ಕಾರು, ಫೋನು, ಸಂಬಳ ಎಲ್ಲ ಇದ್ದ ಕಡೆಯೇ ಹೀಗಾದರೆ, ಬಸ್ಸಿಗೆ ಕಾದು, ಒಬ್ಬಳೇ ನಡೆದು ಹೋಗುವ ನಮ್ಮ ಹೆಣ್ಣುಮಕ್ಕಳ ಹೆದರಿಕೆಯನ್ನು ನಾವು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು?

ದೂರವೂ ಹೆದರಿಕೆಯ ಒಂದು ಭಾಗ. ಎಚ್.ಡಿ. ಕೋಟೆ ದಾಟಿ ಡಿ.ಬಿ. ಕುಪ್ಪೆ, ಬಾವಲಿಯ ಕಡೆ ಹೋಗುವ ಕಾಡಿನ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಆನೆ ಹುಲಿಗಳಿಗೆ ಅದು ಒಳ್ಳೆಯದೇ. ಆದರೆ ಸಂಜೆ ಐದಕ್ಕೆ ಆ ಭಾಗದ ಹಾಡಿಯಲ್ಲಿ ಒಂದು ಮಗುವಿನ ಜೊತೆ ನಿಂತಿರುವ ಕಾರ್ಯಕರ್ತೆ ಒಂದು ಗಂಟೆಯೊಳಗೆ ತೀರ್ಮಾನ ಮಾಡಬೇಕು. ಕೋಪಗೊಂಡ ಮನೆಯವರ ನಡುವೆ, ಸರಿಯಾಗಿ ಸಿಗ್ನಲ್ ಸಿಗದ ಕಡೆ.

ಮಾಡಬಹುದಾದದ್ದು

ಮೊದಲನೆಯದಾಗಿ, ಈ ಕೆಲಸದವರು ರೂಢಿಸಿಕೊಂಡಿರುವ ಪಾಠಗಳು ಸರಳ, ಆದರೆ ಅವನ್ನು ಪಾಲಿಸಲು ಜನ ಬೇಕು, ದುಡ್ಡು ಬೇಕು. ಒಬ್ಬರೇ ಹೋಗಬಾರದು. ಎಲ್ಲಿಗೆ, ಯಾವಾಗ ಹೋಗುತ್ತೇವೆ, ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಹುಡುಕಬೇಕು ಎಂದು ಕಚೇರಿಯಲ್ಲಿ ಹೇಳಿರಬೇಕು. ಸ್ಕೂಟರನ್ನು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಬೇಕು. ಜಗಲಿಯಲ್ಲೇ ಕೂರಬೇಕು, ಒಳಕೋಣೆಗೆ ಹೋಗಲೇಬೇಕಾದರೆ ಬಾಗಿಲು ನಮ್ಮ ಬೆನ್ನ ಹಿಂದೆ ಇರಬೇಕು. ಕುಡಿದವನ ಜೊತೆ ಸಂಜೆ ಮಾತು ಬೇಡ, ಬೆಳಗ್ಗೆ ಬರಬೇಕು. ಅಪ್ಪನ ಎದುರು ಮಗುವನ್ನು ಏನೂ ಕೇಳಬಾರದು, ಶಾಲೆಯಲ್ಲಿ ಕೇಳಬೇಕು. ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿ ಜೊತೆಗೆ ಬಂದರೆ ಮಫ್ತಿಯಲ್ಲಿ ಬರಲಿ. ಹೇಳಿಕೆ ಪಡೆಯುವಾಗ ಸಮವಸ್ತ್ರ ಇರಬಾರದೆಂದು ಪೋಕ್ಸೊ ಕಾಯ್ದೆಯೇ ಹೇಳುತ್ತದೆ. ಹಾಡಿಗೆ ಹೋಗುವಾಗ ಆ ಭಾಷೆ ಬಲ್ಲ, ಆ ಜನದವರೇ ಆದ ಒಬ್ಬರು ಮುಂದೆ ಹೋಗಲಿ. ಜೀಪು ದೂರದಲ್ಲೇ ನಿಲ್ಲಲಿ.

ಎರಡನೆಯದಾಗಿ, ಮದುವೆ ಹಿಂದಿನ ದಿನ ಓಡುವುದನ್ನು ಕಡಿಮೆ ಮಾಡಬೇಕು. ಚಪ್ಪರ ಎದ್ದ ಮೇಲೆ ಸಿಟ್ಟು ಹೆಚ್ಚು, ನಿಶ್ಚಯಕ್ಕೆ ಮುಂಚೆ ಕಡಿಮೆ. ಛತ್ರದವರು, ಪುರೋಹಿತರು, ಲಗ್ನಪತ್ರಿಕೆ ಅಚ್ಚು ಹಾಕುವವರು, ಅಡುಗೆಯವರು, ಶಾಮಿಯಾನದವರು ಶಾಲೆಯ ದಾಖಲೆ ನೋಡದೆ ಮುಂಗಡ ಹಿಡಿಯದಿದ್ದರೆ ಅಪ್ಪ ಮೊದಲ ಪ್ರಶ್ನೆ ಕೇಳಿಸಿಕೊಳ್ಳುವುದು ಸರ್ಕಾರದಿಂದ ಅಲ್ಲ, ಪರಿಚಯದವರಿಂದ. ಬಾಲ್ಯವಿವಾಹ ನಡೆಸಿಕೊಟ್ಟವರಿಗೂ, ಅದಕ್ಕೆ ಒತ್ತಾಸೆ ಕೊಟ್ಟವರಿಗೂ ಶಿಕ್ಷೆಯಿದೆ ಎಂಬುದು ಅವರಿಗೆ ಗೊತ್ತಿರಬೇಕು.

ಮೂರನೆಯದಾಗಿ, ನಿಷೇಧಾಧಿಕಾರಿಯ ಕೆಲಸ ಹತ್ತು ಕೆಲಸಗಳ ನಡುವಿನ ಹನ್ನೊಂದನೆಯದಾಗಿ ಉಳಿಯಬಾರದು. 2024ರ ಅಕ್ಟೋಬರ್ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದೇ ಕೆಲಸಕ್ಕೆಂದು ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿ ಎಂದಿದೆ. ಎಲ್ಲರೂ ಅಧಿಕಾರಿಗಳಾದರೆ ಯಾರೂ ಹೋಗುವುದಿಲ್ಲ. ಕೊನೆಗೆ ಹೋಗುವವಳು ಅಧಿಕಾರವೇ ಇಲ್ಲದ ಅಂಗನವಾಡಿಯವಳು.

ನಾಲ್ಕನೆಯದು ಈ ಸಭೆಗೆ ಸೇರಿದ್ದು. ನಿಮ್ಮಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಎಸ್‌ಡಿಎಂಸಿಯವರಿದ್ದೀರಿ, ಊರಿನ ಯಜಮಾನರಿದ್ದೀರಿ. ಪಂಚಾಯಿತಿ ಮಟ್ಟದಲ್ಲಿ ಮಕ್ಕಳ ರಕ್ಷಣಾ ಸಮಿತಿ ಇರಬೇಕೆಂದು ಆದೇಶವಿದೆ. ಬಹಳ ಕಡೆ ಅದು ನಡಾವಳಿ ಪುಸ್ತಕದಲ್ಲಿದೆ. ಹೊಗೆಸೊಪ್ಪು ಹರಾಜು ಮುಗಿದು ಮದುವೆ ಕಾಲ ಶುರುವಾಗುವುದಕ್ಕೆ ಮೊದಲು ನಿಮ್ಮ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿ. ನಮ್ಮ ಊರಿನಲ್ಲಿ ಯಾವ ಮಗುವಿನ ವಿಷಯಕ್ಕೆ ಯಾರು ಬಂದರೂ ಕರೆಸಿದ್ದು ಪಂಚಾಯಿತಿ ಎಂದು ಬರೆದುಕೊಳ್ಳಿ, ಅದನ್ನು ಊರಿಗೆಲ್ಲ ಕೇಳುವಂತೆ ಹೇಳಿ. ಆ ಬಾಗಿಲಿಗೆ ಹೋಗುವಾಗ ಅಧ್ಯಕ್ಷರೋ ಒಬ್ಬ ಸದಸ್ಯರೋ ಕಾರ್ಯಕರ್ತೆಯ ಮುಂದೆ ನಡೆಯಿರಿ. ಸಿಟ್ಟು ಬರುವುದಂತೂ ಬರುತ್ತದೆ. ಅದು ಒಬ್ಬ ಹೆಣ್ಣುಮಗಳ ಮೇಲೆ ಬಿದ್ದರೆ ಅವಳು ಮತ್ತೆ ಆ ಬೀದಿಗೆ ಹೋಗುವುದಿಲ್ಲ, ಮಗು ಅಲ್ಲೇ ಉಳಿಯುತ್ತದೆ. ಪಂಚಾಯಿತಿಯ ಮೇಲೆ ಬಿದ್ದರೆ ಐದು ವರ್ಷಕ್ಕೊಮ್ಮೆ ಬೈಸಿಕೊಂಡು ಅಭ್ಯಾಸವಿರುವವರು ನೀವು, ತಡೆದುಕೊಳ್ಳುತ್ತೀರಿ. ಒಂದೆರಡು ಓಟು ಹೋಗಬಹುದು. ಒಂದು ಮಗುವಿಗೆ ಅಷ್ಟು ಬೆಲೆ ಕೊಡಲು ನಮ್ಮ ಸೀಮೆಯ ಪಂಚಾಯಿತಿಗಳು ತಯಾರಿವೆಯೇ ಎಂಬುದೇ ಇವತ್ತಿನ ಪ್ರಶ್ನೆ, ಉತ್ತರಿಸಬೇಕಾದವರು ಇಲ್ಲೇ ಕೂತಿದ್ದೀರಿ.